ಕೂತುಹೋದ ಸ್ಪ್ರಿಂಗು: ಮೈಸೂರಿನ ಒಂದು ಬಂಡಿಯ ಇತಿಹಾಸ

ಹಾಸನದಿಂದ ಅರಸೀಕೆರೆಯ ಕಡೆಗೆ ಹೋಗುವ ರಸ್ತೆಯಿಂದ ತುಸು ಒಳಗೆ ಕೊರವಂಗಲ ಎಂಬ ಊರಿದೆ. ಇತಿಹಾಸದ ವಿದ್ಯಾರ್ಥಿಗಳಿಗೆ ಈ ಹೆಸರು ಹೊಸದಲ್ಲ. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ಪಟ್ಟಾಭಿಷೇಕದ ಕಾಲಕ್ಕೆ, 1173ರಲ್ಲಿ, ಬೂಚಿರಾಜನೆಂಬ ಅಧಿಕಾರಿ ಕಟ್ಟಿಸಿದ ಬೂಚೇಶ್ವರ ದೇವಾಲಯ ಇಲ್ಲಿದೆ. ಇಂಥ ದೇವಾಲಯದ ಕೆತ್ತನೆಯ ಕಲ್ಲೊಂದು ಬಿದ್ದು ಒಡೆದುಹೋದರೆ ಅದರ ಜಾಗದಲ್ಲಿ ಏನನ್ನು ಇಡಬೇಕು? ಪುರಾತತ್ತ್ವ ಇಲಾಖೆಯ ಮಹಾನಿರ್ದೇಶಕರಾಗಿದ್ದ ಸರ್ ಜಾನ್ ಮಾರ್ಷಲ್ ಅವರು 1923ರಲ್ಲಿ ಹೊರತಂದ ಸಂರಕ್ಷಣಾ ಕೈಪಿಡಿಯ ಧೋರಣೆ ಸ್ಪಷ್ಟವಾಗಿದೆ. ಇರುವುದನ್ನು ಕಾಪಾಡಬೇಕು, ಇಲ್ಲದ್ದನ್ನು ಹೊಸದಾಗಿ ಕಡೆದು ಹಳೆಯದೆಂದು ತೋರಿಸಬಾರದು. ಗೋಡೆ ನಿಲ್ಲುವುದಕ್ಕೆ ಕಲ್ಲು ಬೇಕೇ ಬೇಕೆಂದಾದರೆ ಕೆತ್ತನೆಯಿಲ್ಲದ ಸಾದಾ ಕಲ್ಲನ್ನು ಕೂಡಿಸುತ್ತಾರೆ. ಯಾವುದು ಹೊಯ್ಸಳರ ಕಾಲದ್ದು, ಯಾವುದು ನಮ್ಮ ಕಾಲದ್ದು ಎಂಬುದು ನೋಡಿದವರಿಗೆ ಅಲ್ಲೇ ತಿಳಿಯುತ್ತದೆ.

ಇದೇ ಪ್ರಶ್ನೆಯನ್ನು ಒಂದು ಹಳೆಯ ಯಂತ್ರದ ಬಗ್ಗೆ ಕೇಳಿದರೆ ಉತ್ತರ ಇಷ್ಟು ಸುಲಭವಾಗಿ ಸಿಗುವುದಿಲ್ಲ. ಗುಡಿ ನಿಂತಲ್ಲೇ ನಿಂತು ಸಾಕ್ಷಿ ಹೇಳುತ್ತದೆ. ಓಡುವುದಕ್ಕೆಂದೇ ಮಾಡಿದ ವಸ್ತು ಓಡಿದರೆ ಮಾತ್ರ ತನ್ನ ಕಥೆಯನ್ನು ಪೂರ್ತಿಯಾಗಿ ಹೇಳೀತು. ಓಡಬೇಕಾದರೆ ಸವೆದ ಭಾಗವನ್ನು ಬದಲಿಸಲೇಬೇಕು, ಬದಲಿಸಿದ ಭಾಗ ಕೆಲಸವನ್ನೂ ಮಾಡಬೇಕು. ಅಲ್ಲಿ ಸಾದಾ ಕಲ್ಲಿನ ಉಪಾಯ ನಡೆಯುವುದಿಲ್ಲ. ಈ ತೊಡಕನ್ನು ಅರಿಯಲು ನಾವು ಆರಿಸಿಕೊಂಡಿರುವುದು ನಮ್ಮ ರಾಜ್ಯದಲ್ಲೇ ತಯಾರಾದ ಒಂದು ಮೋಟಾರು ಸೈಕಲ್ಲನ್ನು, ಅಂದರೆ ಮೈಸೂರಿನ ಜಾವಾವನ್ನು. ಅದರಲ್ಲಿಯೂ ಹೊರಗೆ ಕಣ್ಣಿಗೆ ಬೀಳದ ಒಂದು ಭಾಗವನ್ನು: ಮುಂದಿನ ಫೋರ್ಕಿನ ಒಳಗಿರುವ ಎರಡು ಸ್ಪ್ರಿಂಗುಗಳನ್ನು.

ಫೋರ್ಕು ಎಂದರೆ ಮುಂಚಕ್ರವನ್ನು ಎರಡು ಪಕ್ಕದಿಂದ ಹಿಡಿದಿರುವ ಕವಲು. ಇದರ ಪ್ರತಿಯೊಂದು ಕಾಲೂ ಒಂದು ಕೊಳವೆಯೊಳಗೆ ಇನ್ನೊಂದು ಕೊಳವೆ ಜಾರುವ ಏರ್ಪಾಡು. ಒಳಗೆ ಉದ್ದನೆಯ ಸುರುಳಿ ಸ್ಪ್ರಿಂಗು, ತಳದಲ್ಲಿ ಸ್ವಲ್ಪ ಆಯಿಲ್. ಚಕ್ರ ಗುಂಡಿಗೆ ಇಳಿದು ಎದ್ದಾಗ ಸ್ಪ್ರಿಂಗು ಅಮುಕಿ ಪೆಟ್ಟನ್ನು ನುಂಗುತ್ತದೆ. ಅದು ಮರಳಿ ಚಿಮ್ಮುವಾಗ ಆಯಿಲು ಸಣ್ಣ ಕಿಂಡಿಗಳ ಮೂಲಕ ತೂರಿ ಆ ಚಿಮ್ಮುವಿಕೆಯನ್ನು ಹಿಡಿದು ನಿಧಾನಗೊಳಿಸುತ್ತದೆ. ಇಂದು ಇದು ಸರ್ವಸಾಮಾನ್ಯ. ಆದರೆ ಎರಡನೆಯ ಮಹಾಯುದ್ಧದ ಮುಂಚೆ ಹೆಚ್ಚಿನ ಬಂಡಿಗಳಲ್ಲಿದ್ದುದು ಕಂಬಿಗಳ ಚೌಕಟ್ಟಿನ ಫೋರ್ಕು ಮತ್ತು ಹೊರಗೇ ಕಾಣುವ ಒಂದು ಸ್ಪ್ರಿಂಗು. ಆಯಿಲಿನಿಂದ ಹದಗೊಳಿಸಿದ ಕೊಳವೆ ಫೋರ್ಕನ್ನು ಜರ್ಮನಿಯ ಬಿಎಂಡಬ್ಲ್ಯು ಕಂಪನಿ 1935ರಲ್ಲಿ ತನ್ನ ಮಾರಾಟದ ಬಂಡಿಗಳಿಗೆ ಹಾಕಿತು. ಯುದ್ಧ ಮುಗಿದ ಮೇಲೆ ಉಳಿದವರೂ ಅದೇ ದಾರಿ ಹಿಡಿದರು.

ಜಾವಾದ ಮೂಲ ಜೆಕೊಸ್ಲೊವಾಕಿಯ. ಶಸ್ತ್ರಾಸ್ತ್ರ ತಯಾರಕನಾಗಿದ್ದ ಫ್ರಾಂಟಿಷೆಕ್ ಯಾನೆಚೆಕ್ ಎಂಬಾತ 1929ರಲ್ಲಿ ವಾಂಡರರ್ ಎಂಬ ಜರ್ಮನ್ ಕಂಪನಿಯ ಮೋಟಾರು ಸೈಕಲ್ ವಿಭಾಗವನ್ನು ಕೊಂಡುಕೊಂಡ. ಎರಡೂ ಹೆಸರುಗಳ ಮೊದಲ ಅಕ್ಷರಗಳನ್ನು ಸೇರಿಸಿ ಜಾವಾ ಎಂದು ಕರೆದ. ಆ ನಾಡಿನವರ ಉಚ್ಚಾರಣೆಯಲ್ಲಿ ಅದು ‘ಯಾವಾ’. ಇಂಡೊನೇಷ್ಯದ ಜಾವಾ ದ್ವೀಪಕ್ಕೂ ಇದಕ್ಕೂ ಸಂಬಂಧವಿಲ್ಲ. ಯುದ್ಧಕಾಲದಲ್ಲಿ ಕಾರ್ಖಾನೆ ಜರ್ಮನರ ಹಿಡಿತಕ್ಕೆ ಹೋಯಿತು. ಸೈನ್ಯದ ಕೆಲಸ ಬಿಟ್ಟು ಬೇರೆ ಏನನ್ನೂ ಮಾಡುವಂತಿಲ್ಲದ ಆ ದಿನಗಳಲ್ಲಿ ಅಲ್ಲಿಯ ಎಂಜಿನಿಯರುಗಳು ಯುದ್ಧಾನಂತರದ ಹೊಸ ಬಂಡಿಯನ್ನು ಗುಟ್ಟಾಗಿ ರೂಪಿಸಿದರು. ಪರೀಕ್ಷೆಗೆ ರಸ್ತೆಗಿಳಿಸುವಾಗ ಅದಕ್ಕೆ ಜರ್ಮನ್ ಬಂಡಿಯ ವೇಷ ಹಾಕಿದ್ದರು. 1946ರಲ್ಲಿ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಅದು ಬೆಳಕಿಗೆ ಬಂತು. ಮುಂದೆ ಕೊಳವೆ ಫೋರ್ಕು, ಹಿಂದಿನ ಚಕ್ರಕ್ಕೂ ಸ್ಪ್ರಿಂಗಿನ ಆಸರೆ ಇದ್ದ ಆ ಬಂಡಿಗೆ ಜನ ಇಟ್ಟ ಅಡ್ಡಹೆಸರು ‘ಪೇರಾಕ್’. ಜೆಕ್ ಭಾಷೆಯಲ್ಲಿ ‘ಪೇರೊ’ ಎಂದರೆ ಸ್ಪ್ರಿಂಗು. ನಾಡು ಪರರ ವಶದಲ್ಲಿದ್ದಾಗ, ಸ್ಪ್ರಿಂಗು ಕಟ್ಟಿದ ಕಾಲುಗಳಿಂದ ಪ್ರಾಗ್ ನಗರದ ಮನೆಗಳ ಮೇಲೆ ನೆಗೆದಾಡುವ ಪೇರಾಕ್ ಎಂಬ ನಿಗೂಢ ವ್ಯಕ್ತಿಯ ವದಂತಿಯೂ ಜನರ ಬಾಯಲ್ಲಿತ್ತು. ಒಂದು ಬಂಡಿಯನ್ನು ಅದರ ಎಂಜಿನ್ನಿನಿಂದಲ್ಲದೆ ಸ್ಪ್ರಿಂಗಿನಿಂದ ಗುರುತಿಸಿದ ಉದಾಹರಣೆಗಳು ವಿರಳವೇ ಸರಿ.

ಸ್ವಾತಂತ್ರ್ಯಾನಂತರ 1950ರ ದಶಕದಲ್ಲಿ ಭಾರತ ಸರ್ಕಾರ ಹೊರದೇಶದ ವಾಹನಗಳ ಆಮದನ್ನು ಬಿಗಿಗೊಳಿಸಿತು. ಬಂಡಿ ಬೇಕಾದರೆ ಇಲ್ಲೇ ಮಾಡಿ ಎಂಬುದು ಅದರ ನಿಲುವು. ಮದರಾಸಿನಲ್ಲಿ 1955ರಲ್ಲಿ ಎನ್‌ಫೀಲ್ಡ್ ಬುಲೆಟ್ಟಿನ ಕೆಲಸ ಶುರುವಾಯಿತು. ಮುಂಬಯಿಯಲ್ಲಿ ಜಾವಾ ಬಂಡಿಗಳನ್ನು ತರಿಸಿ ಮಾರುತ್ತಿದ್ದ ರುಸ್ತುಂ ಇರಾನಿಯವರು ಇಲ್ಲೇ ತಯಾರಿಸುವ ಪರವಾನಗಿ ಪಡೆದು ಆರಿಸಿಕೊಂಡ ಜಾಗ ಮೈಸೂರಿನ ಯಾದವಗಿರಿ. ಫಾರೂಖ್ ಇರಾನಿಯವರು ಅವರ ಜೊತೆಗಿದ್ದರು. ಐಡಿಯಲ್ ಜಾವಾ ಕಂಪನಿ 1960ರಲ್ಲಿ ಸ್ಥಾಪನೆಯಾಯಿತು. 1961ರಲ್ಲಿ ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು ಕಾರ್ಖಾನೆಯನ್ನು ಉದ್ಘಾಟಿಸಿದರು. ಒಂದು ಕಾಲದ ಮಹಾರಾಜರು, ಸಮಾಜವಾದಿ ದೇಶವೊಂದರ ನಕ್ಷೆ, ಇರಾನಿ ಮನೆತನದ ಬಂಡವಾಳ, ಮೈಸೂರಿನ ಕಾರ್ಮಿಕರ ಕೈ: ನೆಹರೂ ಯುಗದ ಕೈಗಾರಿಕಾ ನೀತಿಯನ್ನು ಪಾಠ ಪುಸ್ತಕದಲ್ಲಿ ಓದುವವರು ಈ ಒಂದು ಸಮಾರಂಭವನ್ನು ಕಣ್ಮುಂದೆ ತಂದುಕೊಂಡರೆ ಸಾಕು, ಅರ್ಧ ಅಧ್ಯಾಯ ತಾನಾಗಿ ಅರ್ಥವಾಗುತ್ತದೆ.

ಅಲ್ಲಿ ತಯಾರಾದ ಮುಖ್ಯ ಬಂಡಿ 250 ಸಿಸಿ ವರ್ಗದ, ಎರಡು ಸ್ಟ್ರೋಕಿನ, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು ಇದ್ದ ಜಾವಾ. ಕಿಕ್ಕರನ್ನೇ ಮುಂದಕ್ಕೆ ಹೊರಳಿಸಿದರೆ ಗೇರಿನ ಕಡ್ಡಿಯಾಗುವ ಅದರ ಏರ್ಪಾಡನ್ನು ಇಂದಿಗೂ ಹಿರಿಯರು ನೆನೆಯುತ್ತಾರೆ. 1973ರಿಂದ ಬಂಡಿಯ ಮೇಲಿನ ಹೆಸರು ಯೆಜ್ದಿ ಎಂದಾಯಿತು. ಇರಾನಿನ ಯಜ್ದ್ ಎಂಬ ನಗರ ಝರತುಷ್ಟ್ರ ಧರ್ಮೀಯರ ಪುರಾತನ ನೆಲೆ. ಹೆಸರು ಅಲ್ಲಿಂದ ಬಂದದ್ದು. 1978ರಲ್ಲಿ ಹೊರಬಂದ ರೋಡ್‌ಕಿಂಗ್ ಕಾಲೇಜು ಹುಡುಗರ ಕನಸಿನ ಬಂಡಿಯಾಯಿತು. ಹಾಸನ, ಚಿಕ್ಕಮಗಳೂರು, ಕೊಡಗಿನ ತೋಟದ ದಾರಿಗಳಲ್ಲಿ ಈ ಬಂಡಿಗಳು ಮಣ್ಣು, ಜಲ್ಲಿ, ಮಳೆಗಾಲದ ಕೊರಕಲು ಯಾವುದನ್ನೂ ಲೆಕ್ಕಿಸದೆ ಓಡಿದವು. ಸವಾರನ ಹಿಂದೆ ಇನ್ನೊಬ್ಬರು, ಅವರ ತೊಡೆಯ ಮೇಲೆ ಒಂದು ಮೂಟೆ. ನಕ್ಷೆ ಬರೆದ ಯೂರೋಪಿನ ಎಂಜಿನಿಯರು ಎಣಿಸಿದ್ದ ಭಾರ ಇದಾಗಿರಲಾರದು. ಆ ಭಾರವನ್ನೆಲ್ಲ ಹೊತ್ತವು ಸ್ಪ್ರಿಂಗುಗಳು.

1980ರ ದಶಕದ ನಡುವಿನಲ್ಲಿ ಜಪಾನಿನ ಸಹಯೋಗದ 100 ಸಿಸಿ ಬಂಡಿಗಳು ಬಂದವು: ಸುಜುಕಿ, ಹೋಂಡ, ಯಮಾಹ, ಕವಾಸಾಕಿ. ಪೆಟ್ರೋಲು ಕಡಿಮೆ ಕುಡಿಯುವ ಹಗುರ ಬಂಡಿಗಳ ಎದುರು ಮೈಸೂರಿನ ಭಾರದ ಬಂಡಿ ಸೊರಗಿತು. ಹೊಗೆಯ ಮಿತಿಯ ನಿಯಮಗಳು 1991ರಲ್ಲಿ ಬಂದವು, 1996ರಲ್ಲಿ ಇನ್ನಷ್ಟು ಬಿಗಿಯಾದವು. ಆ 1996ರಲ್ಲೇ ಯಾದವಗಿರಿಯಲ್ಲಿ ತಯಾರಿಕೆ ನಿಂತಿತು. ಕಂಪನಿ ಮುಂದೆ ಸಮಾಪನಗೊಂಡಿತು. ಕಾರ್ಖಾನೆಯನ್ನೇ ನೆಚ್ಚಿದ್ದ ಕುಟುಂಬಗಳ ಪಾಲಿಗೆ ಇದು ಎಂಥ ಪೆಟ್ಟು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಬಂಡಿ ಇಟ್ಟುಕೊಂಡವರಿಗೆ ಆದ ನಷ್ಟ ಬೇರೆ ಬಗೆಯದು. ಕಾರ್ಖಾನೆ ಮುಚ್ಚಿದರೂ ಬಂಡಿಗಳು ರಸ್ತೆಯಲ್ಲೇ ಇದ್ದವು. ಬಿಡಿಭಾಗ ಎಲ್ಲಿಂದ ಬರಬೇಕು? ಅಂಗಡಿಗಳಲ್ಲಿ ಉಳಿದಿದ್ದ ದಾಸ್ತಾನು ಮೊದಲು ಕರಗಿತು. ಆಮೇಲೆ ಗುಜರಿಗೆ ಹೋದ ಬಂಡಿಗಳಿಂದ ಕಳಚಿದ ಭಾಗಗಳು, ಅದೂ ಆದಮೇಲೆ ಸಣ್ಣ ಕಾರ್ಖಾನೆಗಳಲ್ಲಿ ಹಳೆಯದನ್ನು ನೋಡಿ ಮಾಡಿದ ಹೊಸ ಭಾಗಗಳು. ‘ಕಂಪನಿ ಪಾರ್ಟು’, ‘ಲೋಕಲ್ ಪಾರ್ಟು’ ಎಂದು ಮೆಕ್ಯಾನಿಕರು ಹೇಳುವ ಎರಡು ಮಾತುಗಳಲ್ಲಿ ಈ ಇಡೀ ಚರಿತ್ರೆ ಅಡಗಿದೆ. ಇತಿಹಾಸಕಾರನಿಗೆ ಮೂಲ ಶಾಸನ ಮತ್ತು ಅದರ ಪ್ರತಿ ಇದ್ದಂತೆ ಇವು. ಪ್ರತಿ ಮಾಡುವವನ ಮುಂದಿದ್ದ ಮೂಲವೇ ಸವೆದಿದ್ದರೆ ಆ ಸವೆತವೂ ಪ್ರತಿಯಲ್ಲಿ ಸೇರಿಕೊಳ್ಳುತ್ತದೆ.

‘ಸ್ಪ್ರಿಂಗು ಕೂತುಹೋಗಿದೆ’ ಎಂಬುದು ವರ್ಕ್‌ಶಾಪಿನ ಮಾತು. ಹಾಗೆಂದರೇನು? ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮವನ್ನು ನೀವು ಭೌತಶಾಸ್ತ್ರದಲ್ಲಿ ಓದಿದ್ದೀರಿ: ಮಿತಿಯೊಳಗೆ ಇರುವವರೆಗೆ ಸ್ಪ್ರಿಂಗು ಎಷ್ಟು ಅಮುಕುತ್ತದೆ ಎಂಬುದು ಅದರ ಮೇಲಿನ ಭಾರಕ್ಕೆ ಅನುಪಾತದಲ್ಲಿರುತ್ತದೆ. ಆ ಮಿತಿಯನ್ನು ಪದೇ ಪದೇ ದಾಟಿಸಿದರೆ, ಇಲ್ಲವೆ ವರ್ಷಗಟ್ಟಲೆ ಭಾರ ಹೊರಿಸಿ ನಿಲ್ಲಿಸಿದರೆ, ಉಕ್ಕು ತನ್ನ ಮೊದಲಿನ ಉದ್ದಕ್ಕೆ ಮರಳುವುದಿಲ್ಲ. ಸ್ಪ್ರಿಂಗು 10 ಮಿಲಿಮೀಟರು ಗಿಡ್ಡವಾಯಿತೆನ್ನಿ. ಅದೇ ಸವಾರ ಕೂತಾಗ ಬಂಡಿಯ ಮುಂಭಾಗ ಮೊದಲಿಗಿಂತ 10 ಮಿಲಿಮೀಟರು ಕೆಳಗೆ ನಿಲ್ಲುತ್ತದೆ. ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಗಿಡ್ಡವಾದ ಮಾತ್ರಕ್ಕೆ ಸ್ಪ್ರಿಂಗಿನ ಗಡಸುತನ ಕಡಿಮೆಯಾಗುವುದಿಲ್ಲ. ಉದ್ದ ಬೇರೆ, ಗಡಸು ಬೇರೆ. ಈ ಎರಡನ್ನು ಒಂದೇ ಎಂದುಕೊಂಡು ಮಾಡಿದ ರಿಪೇರಿಗಳೇ ಹಳೆಯ ಬಂಡಿಗಳನ್ನು ಹೆಚ್ಚು ಕೆಡಿಸಿರುವುದು ಎಂದು ನನ್ನ ಅಭಿಪ್ರಾಯ.

ಪರದೆಯ ಮೇಲೆ ಮಾತಿನಲ್ಲಿ ಹೇಳಿದರೆ ಜಾರಿಹೋಗುವ ಲೆಕ್ಕವೊಂದನ್ನು ಇಲ್ಲಿ ಅಚ್ಚಿನಲ್ಲಿ ಕೊಡಬಹುದು. ಸುರುಳಿ ಸ್ಪ್ರಿಂಗಿನ ಗಡಸು ಅದರ ತಂತಿಯ ದಪ್ಪದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ. ಸುರುಳಿಯ ವ್ಯಾಸದ ಮೂರನೆಯ ಘಾತಕ್ಕೂ ಸುತ್ತುಗಳ ಸಂಖ್ಯೆಗೂ ವಿಲೋಮ ಅನುಪಾತದಲ್ಲಿರುತ್ತದೆ. ತಂತಿ 4 ಮಿಲಿಮೀಟರು ಇರಬೇಕಾದಲ್ಲಿ 4.4 ಇದ್ದರೆ ವ್ಯತ್ಯಾಸ ಶೇಕಡ 10 ಮಾತ್ರ ಎಂದು ತೋರುತ್ತದೆ. ಆದರೆ 1.1ರ ನಾಲ್ಕನೆಯ ಘಾತ 1.46. ಸ್ಪ್ರಿಂಗು ಸುಮಾರು ಶೇಕಡ 46ರಷ್ಟು ಗಡಸಾಯಿತು. ತದ್ವಿರುದ್ಧವಾಗಿ, ತುಕ್ಕು ಹಿಡಿದು ತಂತಿ 3.8ಕ್ಕೆ ಇಳಿದಿದ್ದರೆ ಗಡಸಿನಲ್ಲಿ ಶೇಕಡ 18ಕ್ಕಿಂತ ಹೆಚ್ಚು ಹೋಯಿತು. ಕೈಗೆ ಸಿಕ್ಕ ಬೇರಾವುದೋ ಬಂಡಿಯ ಸ್ಪ್ರಿಂಗನ್ನು ಉದ್ದಕ್ಕೆ ಹೊಂದಿಸಲು ಕತ್ತರಿಸುತ್ತಾರಲ್ಲ, 40 ಸುತ್ತಿನಲ್ಲಿ 4 ಸುತ್ತು ಹೋದರೆ ಉಳಿದದ್ದು ಮೊದಲಿಗಿಂತ ಶೇಕಡ 11ರಷ್ಟು ಗಡಸು. ಇವು ಲೆಕ್ಕಕ್ಕೆ ತೆಗೆದುಕೊಂಡ ಅಂಕಿಗಳೇ ಹೊರತು ಜಾವಾದ ಅಳತೆಗಳಲ್ಲ. ಕಣ್ಣಿಗೆ ಒಂದೇ ಬಗೆಯಾಗಿ ಕಾಣುವ ಎರಡು ಸ್ಪ್ರಿಂಗುಗಳು ಎಷ್ಟು ಬೇರೆ ಬೇರೆ ಆಗಿರಬಲ್ಲವು ಎಂಬುದು ತಿಳಿದರೆ ಸಾಕು.

ಈಗ ಕೆಲಸಕ್ಕೆ ಬರೋಣ. ಬಂಡಿಯನ್ನು ಸಮನೆಲದಲ್ಲಿ ಸೆಂಟರ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಮುಂಚಕ್ರ ನೆಲ ಬಿಡುವಂತೆ ಎಂಜಿನ್ನಿನ ಕೆಳಗೆ ಮರದ ದಿಮ್ಮಿ ಕೊಡುತ್ತಾರೆ. ಬಿಚ್ಚುವುದಕ್ಕೆ ಮುಂಚೆಯೇ ಮಾಡಬೇಕಾದ ಒಂದು ಕೆಲಸವಿದೆ. ಚಕ್ರದ ಅಚ್ಚಿನಿಂದ ಹ್ಯಾಂಡಲಿನ ಕೆಳಗೆ ಗೊತ್ತುಮಾಡಿಕೊಂಡ ಒಂದು ಗುರುತಿನವರೆಗೆ ಟೇಪು ಹಿಡಿದು ಅಳೆಯಬೇಕು. ಚಕ್ರ ತೂಗಾಡುವಾಗ ಒಮ್ಮೆ, ನೆಲಕ್ಕಿಳಿಸಿ ಸವಾರ ಕೂತಾಗ ಇನ್ನೊಮ್ಮೆ. ಫೋರ್ಕು ಇಳಿಯಬಲ್ಲ ಒಟ್ಟು ದೂರದಲ್ಲಿ ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಸವಾರನ ಭಾರಕ್ಕೆ ಇಳಿದರೆ ಅದು ಸರಿ. ಅರ್ಧಕ್ಕೆ ಇಳಿದರೆ ಸ್ಪ್ರಿಂಗು ಕೂತಿದೆ ಎಂದರ್ಥ. ಅನುಭವಿ ಮೆಕ್ಯಾನಿಕ್ ಇದನ್ನು ಟೇಪಿಲ್ಲದೆ, ಮುಂಬ್ರೇಕು ಹಿಡಿದು ಹ್ಯಾಂಡಲನ್ನು ಎರಡು ಸಲ ಅಮುಕಿ ಹೇಳಿಬಿಡುತ್ತಾನೆ. ಆದರೆ ಬರೆದಿಟ್ಟ ಅಳತೆ ಮುಂದಿನವರಿಗೂ ಉಳಿಯುತ್ತದೆ.

ಚಕ್ರ, ಮಡ್‌ಗಾರ್ಡು ಕಳಚಿ, ಹಳೆಯ ಆಯಿಲನ್ನು ಇಳಿಸಬೇಕು. ಕಪ್ಪಾಗಿ, ಬೂದಿ ಕಲಸಿದ ನೀರಿನಂತೆ ಬಂದರೆ ಒಳಗೆ ಲೋಹ ಸವೆದಿದೆ. ಹಾಲು ಬೆರೆತಂತೆ ಇದ್ದರೆ ನೀರು ಸೇರಿದೆ. ಫೋರ್ಕಿನ ತಲೆಯ ನಟ್ಟನ್ನು ಬಿಚ್ಚುವಾಗ ಮುಖವನ್ನು ಮೇಲೆ ಬಗ್ಗಿಸಿರಬಾರದು. ಒಳಗೆ ಸ್ಪ್ರಿಂಗು ಅಮುಕಿಕೊಂಡಿದ್ದರೆ ಕೊನೆಯ ಸುತ್ತಿನಲ್ಲಿ ನಟ್ಟು ಸಿಡಿದು ಬರಬಹುದು. ಹೊರತೆಗೆದ ಎರಡು ಹಳೆಯ ಸ್ಪ್ರಿಂಗುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಜೋಡಿಯ ಪಕ್ಕದಲ್ಲಿ ಒಂದು ಹಲಗೆಯ ಮೇಲೆ ಮಲಗಿಸಿ ನೋಡುತ್ತಾರೆ. ಎಡ ಬಲ ಎರಡೂ ಒಂದೇ ಉದ್ದ ಇರುವುದು ಅಪರೂಪ. ಸುತ್ತುಗಳ ಹೊರಮೈ ಒಂದು ಕಡೆ ಹೊಳೆಯುತ್ತಿದ್ದರೆ ಅಲ್ಲಿ ಸ್ಪ್ರಿಂಗು ಬಾಗಿ ಕೊಳವೆಯ ಗೋಡೆಗೆ ಉಜ್ಜಿದೆ; ಕೊಳವೆಯೇ ಡೊಂಕಾಗಿದೆಯೋ ನೋಡಬೇಕಾಗುತ್ತದೆ. ಡೊಂಕು ಕೊಳವೆಗೆ ಹೊಸ ಸ್ಪ್ರಿಂಗು ಹಾಕುವುದು ದುಡ್ಡು ದಂಡ.

ಒಂದು ಕಾಲಿನದು ಮಾತ್ರ ಮುರಿದಿದ್ದರೂ ಜೋಡಿಯನ್ನೇ ಬದಲಿಸಬೇಕು, ಇಲ್ಲವಾದರೆ ಎರಡು ಕಾಲುಗಳು ಹೊರುವ ಭಾರದಲ್ಲಿ ಸಮತೂಕ ತಪ್ಪಿ ಚಕ್ರದ ಅಚ್ಚು ತಿರುಚುತ್ತದೆ. ಫೋರ್ಕು ಬಿಚ್ಚಿರುವಾಗಲೇ ಆಯಿಲ್ ಸೀಲುಗಳನ್ನೂ ಹೊಸದು ಹಾಕುವುದು ಜಾಣತನ. ಹೊಸ ಸ್ಪ್ರಿಂಗು ಇಳಿಸಿ, ಎರಡು ಕಾಲಿಗೂ ಒಂದೇ ಅಳತೆಯ, ಒಂದೇ ಸಾಂದ್ರತೆಯ ಆಯಿಲು ಸುರಿದು, ಬಂಡಿಯ ಕೈಪಿಡಿಯಲ್ಲಿ ಹೇಳಿದ ಪ್ರಮಾಣ ಮೀರದಂತೆ ನೋಡಿಕೊಂಡು, ನಟ್ಟು ಬಿಗಿಯಬೇಕು. ಅಚ್ಚಿನ ಬೋಲ್ಟುಗಳನ್ನು ಕಡೆಯ ಬಿಗಿ ಬಿಗಿಯುವ ಮುನ್ನ ಬಂಡಿಯನ್ನು ನೆಲಕ್ಕಿಳಿಸಿ ಮುಂಭಾಗವನ್ನು ನಾಲ್ಕಾರು ಸಲ ಅಮುಕಿ ಬಿಟ್ಟರೆ ಎರಡು ಕಾಲುಗಳೂ ತಮ್ಮ ತಮ್ಮ ನೇರಕ್ಕೆ ಬಂದು ಕೂಡುತ್ತವೆ. ಆಯಿಲನ್ನು ಮರೆತು ಸ್ಪ್ರಿಂಗು ಮಾತ್ರ ಹಾಕಿದರೆ ಬಂಡಿ ಕಪ್ಪೆಯಂತೆ ಕುಪ್ಪಳಿಸುತ್ತದೆ. ಸ್ಪ್ರಿಂಗು ಶಕ್ತಿಯನ್ನು ಕೂಡಿಡುತ್ತದೆ, ಅದನ್ನು ಶಾಖವಾಗಿ ಕರಗಿಸುವುದು ಆಯಿಲು.

ಹೊಸ ಜೋಡಿ ಸಿಗದಿದ್ದಾಗ ಹಳೆಯ ಸ್ಪ್ರಿಂಗಿನ ಮೇಲೆ ಕೊಳವೆಯ ತುಂಡೋ ನಾಲ್ಕು ವಾಷರೋ ಇಟ್ಟು ನಟ್ಟು ಬಿಗಿಯುವುದುಂಟು. ಇದನ್ನು ಹೀಗಳೆಯಬೇಕಾಗಿಲ್ಲ. ಮೇಲಿನ ಲೆಕ್ಕವನ್ನು ಹಿಡಿದು ನೋಡಿ: ಸ್ಪ್ರಿಂಗು ಗಿಡ್ಡವಾಗಿದೆ, ಗಡಸು ಹಾಗೇ ಇದೆ, ಕಳೆದುಹೋದ ಉದ್ದವನ್ನು ತುಂಡು ತುಂಬಿಕೊಡುತ್ತದೆ, ಬಂಡಿ ತನ್ನ ಮೊದಲಿನ ಎತ್ತರಕ್ಕೆ ನಿಲ್ಲುತ್ತದೆ. ದಪ್ಪ ತಂತಿಯ ಹೊಸ ಸ್ಪ್ರಿಂಗು ಹಾಕಿದವನಿಗಿಂತ ಈ ವಾಷರಿನವನು ಮೂಲಕ್ಕೆ ಹೆಚ್ಚು ಹತ್ತಿರ ಇದ್ದಾನೆ. ಅಷ್ಟೇ ಅಲ್ಲ, ಅವನ ವಾಷರು ವಾಷರೇ ಎಂದು ಬಿಚ್ಚಿದವರಿಗೆಲ್ಲ ಕಾಣುತ್ತದೆ. ಕೊರವಂಗಲದಂಥ ಗುಡಿಯ ಗೋಡೆಯಲ್ಲಿ ಕೂಡಿಸುವ ಸಾದಾ ಕಲ್ಲಿಗೆ ಹತ್ತಿರದ ಸಂಗತಿ ಮೋಟಾರು ಸೈಕಲ್ಲಿನಲ್ಲಿ ಯಾವುದಾದರೂ ಇದ್ದರೆ ಅದು ಇದೇ.

ಹಾಗಾದರೆ ಗಡಸು ಸ್ಪ್ರಿಂಗಿನಿಂದ ಆಗುವ ಹಾನಿಯೇನು? ಬಂಡಿ ಓಡುತ್ತದೆ, ಹೊರಗಿನ ಬಣ್ಣ, ಕ್ರೋಮು, ಟ್ಯಾಂಕಿನ ಮೇಲಿನ ಲಾಂಛನ ಎಲ್ಲವೂ ಹಳೆಯದರಂತೆಯೇ ಇರುತ್ತವೆ. ಆದರೆ 1960ರ ದಶಕದ ಸವಾರನಿಗೆ ಕಲ್ಲು ದಾರಿಯಲ್ಲಿ ಕೈಗೆ ಬರುತ್ತಿದ್ದ ಅದುರು, ತಿರುವಿನಲ್ಲಿ ಬಂಡಿ ವಾಲುತ್ತಿದ್ದ ರೀತಿ, ಬ್ರೇಕು ಹಿಡಿದಾಗ ಮುಂಭಾಗ ಬಾಗುತ್ತಿದ್ದ ಅಂದಾಜು, ಇವು ಯಾವುವೂ ಉಳಿಯುವುದಿಲ್ಲ. ಯಾದವಗಿರಿಯಲ್ಲಿ ಮಾಡಿದ ವಸ್ತು ಎಂಥದಾಗಿತ್ತು ಎಂಬುದಕ್ಕೆ ಛಾಯಾಚಿತ್ರ ಉತ್ತರ ಕೊಡಲಾರದು, ಜಾಹೀರಾತೂ ಕೊಡಲಾರದು. ಬಂಡಿಯ ನಡವಳಿಕೆಯೇ ಅದರ ದಾಖಲೆ. ತಪ್ಪು ಸ್ಪ್ರಿಂಗು ಆ ದಾಖಲೆಯನ್ನು ತಿದ್ದುತ್ತದೆ, ತಿದ್ದಿದ ಗುರುತನ್ನೂ ಬಿಡುವುದಿಲ್ಲ.

ಜಾವಾ ಎಂಬ ಹೆಸರು 2018ರ ನವೆಂಬರಿನಲ್ಲಿ ಮತ್ತೆ ಮಾರುಕಟ್ಟೆಗೆ ಬಂತು. ಮಹೀಂದ್ರ ಬೆಂಬಲದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಆ ಬಂಡಿಯನ್ನು ತಯಾರಿಸತೊಡಗಿದ್ದು ಮಧ್ಯಪ್ರದೇಶದ ಪೀಥಂಪುರದಲ್ಲಿ. 2022ರ ಜನವರಿಯಲ್ಲಿ ಯೆಜ್ದಿಯೂ ಬಂತು. ಹೊಸ ಜಾವಾ ಮಾದರಿಗಳಲ್ಲೊಂದರ ಹೆಸರು ಪೇರಾಕ್ ಎಂಬುದು ಸ್ವಾರಸ್ಯಕರ. ಹೆಸರುಗಳು ಹಳೆಯವು; ಯಂತ್ರ ನಾಲ್ಕು ಸ್ಟ್ರೋಕಿನದು, ನೀರಿನಿಂದ ತಣಿಸುವ ಎಂಜಿನ್ನಿನದು, ಬುಡದಿಂದಲೇ ಬೇರೆ. ಆದ್ದರಿಂದ ಮೈಸೂರಿನ ಬಂಡಿಗಳ ಬಿಡಿಭಾಗದ ಸಮಸ್ಯೆ ಇದರಿಂದ ಪರಿಹಾರವಾಗಲಿಲ್ಲ. ಜುಲೈ ತಿಂಗಳ ಎರಡನೆಯ ಭಾನುವಾರ ಬೆಂಗಳೂರು, ಮೈಸೂರುಗಳಲ್ಲಿ ಹಳೆಯ ಜಾವಾ, ಯೆಜ್ದಿಗಳ ಒಡೆಯರು ಬಂಡಿಗಳೊಂದಿಗೆ ಕೂಡುವ ವಾಡಿಕೆ ಬೆಳೆದಿದೆ. ಅಲ್ಲಿ ನಡೆಯುವ ಮಾತುಕತೆಯಲ್ಲಿ ಹೆಚ್ಚಿನ ಪಾಲು ಯಾವ ಭಾಗ ಯಾರ ಬಳಿ ಇದೆ ಎಂಬುದೇ ಆಗಿದ್ದರೆ ಆಶ್ಚರ್ಯವಿಲ್ಲ.

ನಿಮ್ಮ ಊರಿನಲ್ಲಿಯೂ ಅಂಥ ಒಂದು ಬಂಡಿ ಯಾರದೋ ಹಿತ್ತಿಲ ಶೆಡ್ಡಿನಲ್ಲಿ ಗೋಣಿ ಹೊದ್ದು ನಿಂತಿರಬಹುದು. ವರ್ನಿಯರ್ ಕ್ಯಾಲಿಪರ್ಸ್ ಹಿಡಿಯಲು ಪ್ರಯೋಗಶಾಲೆಯಲ್ಲಿ ಕಲಿತವರಿಗೆ ಇಲ್ಲಿ ಮಾಡಲು ಕೆಲಸವಿದೆ. ಬೇಕಾದದ್ದು ನಾಲ್ಕು ಅಳತೆ: ತಂತಿಯ ದಪ್ಪ, ಸುರುಳಿಯ ವ್ಯಾಸ, ಸುತ್ತುಗಳ ಸಂಖ್ಯೆ, ಭಾರವಿಲ್ಲದಾಗಿನ ಉದ್ದ. ಜೊತೆಗೆ ಬಂಡಿ ತಯಾರಾದ ವರ್ಷ, ಮಾದರಿ, ಅದು ಓಡಾಡಿದ ದಾರಿ. ಹಳೆಯ ಬಿಡಿಭಾಗದ ಅಂಗಡಿಯ ಅಟ್ಟದಲ್ಲಿ, ಗ್ರೀಸು ಸವರಿದ ಕಾಗದ ಸುತ್ತಿದಂತೆಯೇ ಉಳಿದ ಬಳಸದ ಸ್ಪ್ರಿಂಗು ಒಂದು ವೇಳೆ ಸಿಕ್ಕರೆ, ಅದು ಸವೆಯದ ಮೂಲಪ್ರತಿ. ಅದನ್ನು ಮೊದಲು ಅಳೆದು ಬರೆದಿಟ್ಟುಕೊಳ್ಳಿ, ಆಮೇಲೆ ಬಂಡಿಗೆ ಹಾಕಿ.